ನಾಯಕ ಎಂಬ ಪದದ ಎರಡು ಅರ್ಥಗಳು

ಅಧ್ಯಯನ ಮುಗಿಸಿ ಹೊರಡುವ ವಿದ್ಯಾರ್ಥಿಗಳಿಗೆ ಪ್ರಶಂಸಾಪತ್ರ ಬರೆದುಕೊಡುವುದು ಅಧ್ಯಾಪಕರ ವಾರ್ಷಿಕ ಕರ್ಮಗಳಲ್ಲಿ ಒಂದು. ಬಹುಪಾಲು ಪತ್ರಗಳು, ಹೆಸರೊಂದನ್ನು ಬದಲಿಸಿದರೆ ಯಾರಿಗೂ ಸಲ್ಲುವಂಥವು. ಕೆಲವು ವರ್ಷಗಳ ಹಿಂದೆ ಸ್ನಾತಕೋತ್ತರ ತರಗತಿ ಮುಗಿಸಿದ ಒಬ್ಬ ವಿದ್ಯಾರ್ಥಿನಿಯ ವಿಷಯದಲ್ಲಿ ಮಾತ್ರ ನನ್ನ ಲೇಖನಿ ತಡವರಿಸಿತು. ಆಕೆ ಎರಡು ವರ್ಷ ವಿದ್ಯಾರ್ಥಿಗಳ ರಂಗತಂಡವನ್ನು ನಡೆಸಿದವಳು. ನನ್ನ ಮುಂದಿದ್ದ ನಮೂನೆಯಲ್ಲಿ ‘ಅಭಿನಯಿಸಿದ ಪಾತ್ರಗಳು’, ‘ಗಳಿಸಿದ ಬಹುಮಾನಗಳು’ ಎಂಬ ಎರಡು ಅಂಕಣಗಳಿದ್ದವು. ಆಕೆಯ ಮಟ್ಟಿಗೆ ಎರಡೂ ಖಾಲಿ. ಆಕೆ ಒಂದು ಸಲವೂ ಮುಖಕ್ಕೆ ಬಣ್ಣ ಹಚ್ಚಿರಲಿಲ್ಲ.

ಹಾಗಾದರೆ ಆಕೆ ಮಾಡಿದ್ದೇನು? ಸಂಜೆ ಕಾವಲುಗಾರನನ್ನು ಒಪ್ಪಿಸಿ ತಾಲೀಮಿನ ಕೊಠಡಿಯ ಬೀಗದ ಕೈ ತರುತ್ತಿದ್ದಳು. ಕೊನೆಯ ಬಸ್ಸಿಗೆ ಹೊರಡಬೇಕಾದ ಹುಡುಗಿಯರ ದೃಶ್ಯಗಳನ್ನು ಮೊದಲು ಮುಗಿಸುವಂತೆ ತಾಲೀಮಿನ ಕ್ರಮ ಹಾಕುತ್ತಿದ್ದಳು. ಮುಖ್ಯ ಪಾತ್ರಕ್ಕಾಗಿ ಮುನಿಸಿಕೊಂಡ ಇಬ್ಬರನ್ನು ಒಂದೇ ಲೋಟದ ಚಹಾ ಹಂಚಿಕೊಳ್ಳುವಂತೆ ಮಾಡಿದ್ದಳು. ಎರವಲು ತಂದ ಸೀರೆ, ಪಂಚೆ, ಲಾಂದ್ರಗಳನ್ನು ಮರುದಿನವೇ ಒಡೆಯರಿಗೆ ಮುಟ್ಟಿಸಿ, ಖರ್ಚಿನ ಲೆಕ್ಕ ಬರೆದಿಡುತ್ತಿದ್ದಳು. ಮೊದಲ ವರ್ಷದ, ಮಾತೇ ಆಡದ ಹುಡುಗನೊಬ್ಬ ಅವಳ ಕಾಲದಲ್ಲಿ ರಂಗಕ್ಕೆ ಬಂದ. ಇವೆಲ್ಲವನ್ನೂ ಒಟ್ಟಾಗಿ ಹೇಳುವ ಪದ ‘ನಾಯಕತ್ವ’ ಎಂದೇ ನನಗೆ ಅನಿಸಿತು. ಆದರೆ ಆ ಪದಕ್ಕೆ ನಮೂನೆಯಲ್ಲಿ ಸ್ಥಳವಿರಲಿಲ್ಲ.

ಕನ್ನಡದಲ್ಲಿ ‘ನಾಯಕ’ ಎಂಬುದಕ್ಕೆ ಎರಡು ಅರ್ಥಗಳಿವೆ. ಕೃತಿಯ ಪ್ರಧಾನ ಪಾತ್ರ ಎಂಬುದು ಒಂದು. ಹಲವರನ್ನು ಒಟ್ಟಿಗೆ ನಡೆಸಿಕೊಂಡು ಹೋಗುವವನು ಎಂಬುದು ಇನ್ನೊಂದು. ನಮ್ಮ ವಿಶ್ವವಿದ್ಯಾಲಯಗಳು ರಂಗಚಟುವಟಿಕೆಯನ್ನು ಗೌರವಿಸುವಾಗ ಮೊದಲನೆಯ ಅರ್ಥವನ್ನೇ ಹಿಡಿದಿವೆ. ಯುವಜನೋತ್ಸವಗಳಲ್ಲಿ ಉತ್ತಮ ನಟ, ಉತ್ತಮ ನಟಿ, ಉತ್ತಮ ನಾಟಕಗಳಿಗೆ ಫಲಕಗಳು ದೊರೆಯುತ್ತವೆ. ತಂಡವನ್ನು ತಂಡವಾಗಿ ಉಳಿಸಿದವರಿಗೆ ವಂದನಾರ್ಪಣೆಯ ಕೊನೆಯ ವಾಕ್ಯದಲ್ಲಿ ಒಂದು ಎಡೆ ಸಿಕ್ಕರೆ ಅದೇ ಹೆಚ್ಚು.

ಎರಡನೆಯ ಅರ್ಥವನ್ನು ಜನಪದ ರಂಗಭೂಮಿ ಎಂದೂ ಮರೆತಿಲ್ಲ. ಗುಜರಾತಿನ ಭವಾಯಿಯಲ್ಲಿ ಮೇಳದ ಮುಖ್ಯಸ್ಥನನ್ನು ‘ನಾಯಕ’ನೆಂದೇ ಕರೆಯುತ್ತಾರೆ. ಭೂಂಗಳ ವಾದ್ಯದ ದನಿಯೊಡನೆ ತೆರೆದುಕೊಳ್ಳುವ ಆ ಆಟದ ಒಂದೊಂದು ಪ್ರಸಂಗಕ್ಕೂ ‘ವೇಷ’ ಎಂದು ಹೆಸರು. 14ನೆಯ ಶತಮಾನದ ಅಸಾಯಿತ ಠಾಕರ್ 360 ವೇಷಗಳನ್ನು ರಚಿಸಿದನೆಂಬುದು ಪರಂಪರೆಯ ನಂಬಿಕೆ. ಕೆಳಜಾತಿಯೆನಿಸಿಕೊಂಡ ಮನೆಯ ಹೆಣ್ಣುಮಗಳೊಬ್ಬಳನ್ನು ಕಾಪಾಡಲು ಅವಳೊಡನೆ ಉಂಡು, ತನ್ನ ಜಾತಿಯಿಂದ ಹೊರಬಿದ್ದವನು ಆತನೆಂಬ ಐತಿಹ್ಯವೂ ಇದೆ. ಮೇಳ ಕಟ್ಟುವವನು ತೆರಬೇಕಾದ ಬೆಲೆಯನ್ನು ಆ ಕಥೆ ನೆನಪಿನಲ್ಲಿಟ್ಟಿದೆ. ನಮ್ಮ ಯಕ್ಷಗಾನದಲ್ಲಿ ವೇಷವನ್ನೇ ಕಟ್ಟದ ಭಾಗವತನನ್ನು ‘ಮೊದಲನೆಯ ವೇಷಧಾರಿ’ ಎಂದು ಕರೆಯುವ ವಾಡಿಕೆಯಿದೆ. ಪಾತ್ರ ವಹಿಸದವನಿಗೆ ಮೊದಲ ಸ್ಥಾನ ಕೊಟ್ಟ ಈ ವಿವೇಕ ನಮ್ಮ ನಮೂನೆಗಳಿಗೆ ಇನ್ನೂ ಬಂದಿಲ್ಲ.

ಗುಜರಾತಿನ ಸೂರತ್, ವಡೋದರಾ, ಅಹಮದಾಬಾದ್ ಈ ಮೂರು ನಗರಗಳ ಅನುಭವವನ್ನು ಇಲ್ಲಿ ಕೊಂಚ ವಿವರವಾಗಿ ನೋಡುವುದು ಉಚಿತ. ಸೂರತ್ತಿನಲ್ಲಿ ಹುಟ್ಟಿದ ನರ್ಮದ್ (1833–1886) ಮುಂಬಯಿಯಲ್ಲಿ ಓದುತ್ತಿದ್ದ ಹರೆಯದಲ್ಲಿ, 1850ರ ಸುಮಾರಿಗೆ, ಗೆಳೆಯರ ಸಭೆಯಲ್ಲಿ ಒಂದು ಪ್ರಬಂಧವನ್ನು ಓದಿದರು. ಗುಜರಾತಿ ಗದ್ಯ ಪ್ರಬಂಧದ ಆರಂಭವೆಂದು ಎಣಿಸಲಾಗುವ ಅದರ ವಿಷಯ, ಮಂಡಳಿಯಾಗಿ ಕೂಡುವುದರಿಂದ ಆಗುವ ಲಾಭ. ಒಂದು ಭಾಷೆಯ ಆಧುನಿಕ ಗದ್ಯ ವಿದ್ಯಾರ್ಥಿಗಳು ಒಟ್ಟುಗೂಡುವ ಮಾತಿನಿಂದಲೇ ಮೊದಲಾಯಿತೆಂಬುದು ಗಮನಾರ್ಹ. ಸೂರತ್ತಿನ ವಿಶ್ವವಿದ್ಯಾಲಯ ಇಂದು ಅವರ ಹೆಸರನ್ನೇ ಹೊತ್ತಿದೆ. ಅದೇ ಊರಿನಲ್ಲಿ 1901ರಲ್ಲಿ ಜನಿಸಿದ ಚಂದ್ರವದನ ಮೆಹತಾ ಗುಜರಾತಿನ ಹವ್ಯಾಸಿ ರಂಗಭೂಮಿಗೆ ದಾರಿ ತೆರೆದವರಲ್ಲಿ ಪ್ರಮುಖರು. ವೃತ್ತಿ ಕಂಪನಿಗಳ ವೈಭವಕ್ಕೆ ಎದುರಾಗಿ, ರೈಲ್ವೆ ಕಾರ್ಮಿಕನ ಬದುಕನ್ನು ‘ಆಗಗಾಡಿ’ ನಾಟಕದಲ್ಲಿ ರಂಗಕ್ಕೆ ತಂದವರು ಅವರು.

ಮಂಡಳಿಗೆ ಉತ್ಸಾಹವೊಂದೇ ಸಾಲದು. ಸಂಸ್ಥೆಯ ಆಸರೆಯೂ ಬೇಕು ಎಂಬುದನ್ನು ತೋರಿಸುವುದು ವಡೋದರಾ. ಮೈಸೂರು ಆಸ್ಥಾನದಲ್ಲಿಯೂ ಮನ್ನಣೆ ಪಡೆದಿದ್ದ ಮೌಲಾಬಕ್ಷರ ಮುಂದಾಳ್ತನದಲ್ಲಿ, ಸಯಾಜಿರಾವ್ ಗಾಯಕವಾಡರ ಆಶ್ರಯದಲ್ಲಿ, 1886ರಲ್ಲಿ ಆ ಊರಿನಲ್ಲಿ ಸಂಗೀತಶಾಲೆ ಆರಂಭವಾಯಿತು. 1949ರಲ್ಲಿ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾಲಯ ಸ್ಥಾಪನೆಯಾದಾಗ ಆ ಪರಂಪರೆ ವಿಶ್ವವಿದ್ಯಾಲಯದೊಳಕ್ಕೆ ಬಂದು, ಸಂಗೀತ, ನೃತ್ಯಗಳ ಜೊತೆ ನಾಟಕವೂ ಪದವಿಯ ವಿಷಯವಾಯಿತು. ಅದರ ಮೊದಲ ಕುಲಪತಿ ಹಂಸಾ ಮೆಹತಾ, ಸೂರತ್ತಿನಲ್ಲಿ ಹುಟ್ಟಿದವರು. ಶೇಕ್ಸ್‌ಪಿಯರನ ‘ಹ್ಯಾಮ್ಲೆಟ್’ ನಾಟಕವನ್ನು ಗುಜರಾತಿಗೆ ತಂದವರು. ನಾಟಕವನ್ನು ಬಲ್ಲವರು ಆಡಳಿತದ ಕುರ್ಚಿಯಲ್ಲಿದ್ದಾಗ ತಾಲೀಮಿನ ಕೊಠಡಿ ಯಾರ ಕೃಪೆಯೂ ಆಗದೆ ವಿದ್ಯಾರ್ಥಿಯ ಹಕ್ಕಾಗುತ್ತದೆ.

ಅಹಮದಾಬಾದಿನಿಂದ ಎರಡು ಉದಾಹರಣೆಗಳು. ಸ್ತ್ರೀಪಾತ್ರಗಳಿಂದ ಮನೆಮಾತಾಗಿದ್ದ ಜಯಶಂಕರ ‘ಸುಂದರಿ’ 1932ರಲ್ಲಿ ವೃತ್ತಿರಂಗವನ್ನು ತೊರೆದರು. ಮುಂದೆ ಅಹಮದಾಬಾದಿನಲ್ಲಿ ‘ನಟಮಂಡಲ’ದ ಮೂಲಕ ಹೊಸ ತಲೆಮಾರಿಗೆ ರಂಗಶಿಕ್ಷಣ ಕೊಟ್ಟರು. ರಸಿಕಲಾಲ ಪರೀಖರು ಬರೆದ ‘ಮೇನಾ ಗುರ್ಜರಿ’ ನಾಟಕ 1953ರಲ್ಲಿ ಆ ತಂಡದಿಂದ ರಂಗವೇರಿ, ಭವಾಯಿಯ ಶೈಲಿಯನ್ನು ನಗರದ ರಂಗಮಂದಿರಕ್ಕೆ ತಂದಿತು. ಮೊದಲ ಅರ್ಥದಲ್ಲಿ ‘ನಾಯಕಿ’ಯಾಗಿದ್ದ ಕಲಾವಿದರು ಎರಡನೆಯ ಅರ್ಥದಲ್ಲಿ ‘ನಾಯಕ’ರಾದದ್ದು ಹೀಗೆ. ತಮ್ಮ ಪಾತ್ರವನ್ನು ಬಿಟ್ಟುಕೊಟ್ಟ ಮೇಲೆಯೇ ಅವರು ಇತರರ ಪಾತ್ರಗಳನ್ನು ರೂಪಿಸಿದರು.

ಎರಡನೆಯದು ಛಾರಾನಗರದ ಬುಧನ್ ಥಿಯೇಟರ್. ಬ್ರಿಟಿಷರ 1871ರ ಕಾಯಿದೆ ಹುಟ್ಟಿನಿಂದಲೇ ಅಪರಾಧಿಗಳೆಂದು ಮುದ್ರೆಯೊತ್ತಿದ ಸಮುದಾಯಗಳಲ್ಲಿ ಛಾರಾ ಸಮುದಾಯವೂ ಒಂದು. 1952ರಲ್ಲಿ ಆ ಪಟ್ಟಿ ರದ್ದಾದರೂ ಕಳಂಕ ರದ್ದಾಗಲಿಲ್ಲ. 1998ರಲ್ಲಿ ಪಶ್ಚಿಮ ಬಂಗಾಳದಲ್ಲಿ ಬುಧನ್ ಶಬರ ಎಂಬವನು ಪೊಲೀಸ್ ವಶದಲ್ಲಿ ಸತ್ತ ಪ್ರಸಂಗವನ್ನು ಅದೇ ವರ್ಷ ಛಾರಾನಗರದ ಯುವಜನರು ಬೀದಿನಾಟಕವಾಗಿ ಆಡಿದರು. ಮಹಾಶ್ವೇತಾದೇವಿ, ಗಣೇಶ ದೇವಿ ಅವರ ಬೆಂಬಲ ಅವರಿಗಿತ್ತು. ಅವರ ನಡುವಿನಿಂದಲೇ ದಕ್ಷಿಣ್ ಬಜರಂಗೆ ಅವರಂತಹ ನಾಟಕಕಾರರು ಮೂಡಿಬಂದರು. ವಡೋದರಾದ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದ ದೇವಿಯವರು 2016ರಲ್ಲಿ ಧಾರವಾಡಕ್ಕೆ ಬಂದು ನೆಲೆಸಿದ್ದು ನಮ್ಮ ಓದುಗರಿಗೆ ತಿಳಿದೇ ಇದೆ. ಬುಧನ್ ಥಿಯೇಟರಿಗೆ ಕ್ಯಾಂಪಸ್ಸಿರಲಿಲ್ಲ. ಬಸ್ತಿಯ ಒಂದು ಗ್ರಂಥಾಲಯವಿತ್ತು. ಅಷ್ಟರಲ್ಲೇ ಅದು ಹಿರಿಯರಿಂದ ಕಿರಿಯರಿಗೆ ದಾಟಿಕೊಂಡು ಬಂದಿದೆ. ಎಲ್ಲ ಸವಲತ್ತುಗಳಿರುವ ನಮ್ಮ ಕ್ಯಾಂಪಸ್ಸುಗಳ ತಂಡಗಳು ಎರಡು ವರ್ಷಕ್ಕೊಮ್ಮೆ ಸತ್ತು ಹುಟ್ಟುತ್ತಿರುವಾಗ ಈ ಹೋಲಿಕೆ ನಮ್ಮನ್ನು ಕುಟುಕಬೇಕು.

ಕರ್ನಾಟಕದಲ್ಲಿ ಇಂಥ ನಿದರ್ಶನಗಳಿಲ್ಲವೆಂದಲ್ಲ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಓದಿ ಊರಿಗೆ ಮರಳಿದ ಕೆ.ವಿ. ಸುಬ್ಬಣ್ಣನವರು ಹೆಗ್ಗೋಡಿನ ನೀನಾಸಮ್ ಮೂಲಕ ಏನನ್ನು ಸಾಧಿಸಿದರೆಂಬುದನ್ನು ವಿವರಿಸಬೇಕಾಗಿಲ್ಲ. 1949ರಲ್ಲಿ ಊರವರ ಮಂಡಳಿಯಾಗಿ ಆರಂಭವಾದ ಅದು 1980ರಲ್ಲಿ ರಂಗಶಿಕ್ಷಣ ಕೇಂದ್ರವನ್ನು ತೆರೆಯಿತು. ಆದರೆ ನಮ್ಮ ಕಾಲೇಜು ರಂಗಭೂಮಿಯ ಚರಿತ್ರೆಯನ್ನು ಬರೆಯಹೊರಟವರಿಗೆ ನಾಟಕಕಾರರ ಹೆಸರು ಸಿಗುತ್ತದೆ, ಮುಂದೆ ಪ್ರಸಿದ್ಧರಾದ ನಟರ ಹೆಸರು ಸಿಗುತ್ತದೆ. ತಂಡ ನಡೆಸಿದ ವಿದ್ಯಾರ್ಥಿಗಳ ಹೆಸರು ಸಿಗುವುದು ಅಪರೂಪ. ಕೈಲಾಸಂ ಅವರ ನಾಟಕಗಳನ್ನು ತಲೆಮಾರುಗಳ ಕಾಲ ಹಾಸ್ಟೆಲ್ಲುಗಳಲ್ಲಿ, ಕಾಲೇಜುಗಳಲ್ಲಿ ಆಡಿಸಿದವರು ಯಾರು? ದಾಖಲೆ ಇಲ್ಲದ ಕಡೆ ಚರಿತ್ರೆಯೂ ಇಲ್ಲ. ಪ್ರಶಂಸಾಪತ್ರವನ್ನು ನಾನು ಸೌಜನ್ಯದ ವಿಷಯವಾಗಿ ನೋಡದೆ, ಸಾಹಿತ್ಯ ಚರಿತ್ರೆಯ ಆಕರವಾಗಿ ನೋಡುವುದು ಈ ಕಾರಣಕ್ಕೆ.

ವಿದ್ಯಾರ್ಥಿ ನಾಯಕತ್ವ ಎಂದೊಡನೆ ನಮ್ಮ ಮನಸ್ಸು ಚಳವಳಿಗಳತ್ತ ಹೋಗುತ್ತದೆ. 1973ರ ಡಿಸೆಂಬರಿನಲ್ಲಿ ಅಹಮದಾಬಾದಿನ ಎಲ್.ಡಿ. ಎಂಜಿನಿಯರಿಂಗ್ ಕಾಲೇಜಿನ ಹಾಸ್ಟೆಲ್ ಊಟದ ದರದ ಪ್ರಶ್ನೆ ‘ನವನಿರ್ಮಾಣ’ ಆಂದೋಲನವಾಗಿ ಬೆಳೆದು, 1974ರ ಫೆಬ್ರವರಿಯಲ್ಲಿ ಮುಖ್ಯಮಂತ್ರಿ ಚಿಮನಭಾಯಿ ಪಟೇಲರು ರಾಜೀನಾಮೆ ಕೊಡಬೇಕಾಯಿತು. ಸರಕಾರವನ್ನು ಉರುಳಿಸಿದ ನಾಯಕತ್ವವನ್ನು ಚರಿತ್ರೆ ಬರೆದುಕೊಂಡಿದೆ. ಏನನ್ನೂ ಉರುಳಿಸದೆ, ಹದಿನೈದು ಜನರನ್ನು ಎರಡು ತಿಂಗಳ ಸಂಜೆಗಳಲ್ಲಿ ಒಟ್ಟಿಗೆ ನಿಲ್ಲಿಸುವ ನಾಯಕತ್ವವನ್ನು ಬರೆದುಕೊಳ್ಳುವವರು ನಾವೇ ಆಗಬೇಕು.

ಇದಕ್ಕೆ ಒಂದು ಆಕ್ಷೇಪವಿದೆ, ಅದು ಹಗುರವಾದುದಲ್ಲ. ನಾಟಕ ಸಾಮೂಹಿಕ ಕಲೆ. ಅದರಲ್ಲಿ ಒಬ್ಬರನ್ನು ಎತ್ತಿ ಹೇಳುವುದು ಉಳಿದವರಿಗೆ ಅನ್ಯಾಯವಲ್ಲವೇ? ‘ಉತ್ತಮ ನಾಯಕ’ ಎಂಬ ಇನ್ನೊಂದು ಫಲಕವನ್ನು ಸೇರಿಸುವುದೇ ಪರಿಹಾರವಾದರೆ ಈ ಆಕ್ಷೇಪವನ್ನು ನಾನೂ ಒಪ್ಪುತ್ತೇನೆ. ಫಲಕ ಬಂದೊಡನೆ ಪೈಪೋಟಿ ಬರುತ್ತದೆ. ಬೀಗದ ಕೈ ತರುವವರಲ್ಲೂ ಮೇಲಾಟ ಶುರುವಾಗುತ್ತದೆ. ನಾಯಕರನ್ನು ಗುರುತಿಸುವುದೆಂದರೆ ಅವರು ಮಾಡಿದ ಕೆಲಸವನ್ನು ವಿವರವಾಗಿ ಹೇಳುವುದು. ಆ ಕೆಲಸ ಮುಂದುವರಿಯುವಂತೆ ನೋಡಿಕೊಳ್ಳುವುದು. ಮೊದಲನೆಯದನ್ನು ಮಾತ್ರ ಮಾಡಿ ಎರಡನೆಯದನ್ನು ಕೈಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ನಾನೇ ಸಾಕ್ಷಿ.

ಆ ವಿದ್ಯಾರ್ಥಿನಿಗೆ ನಾನು ನಮೂನೆಯನ್ನು ಬದಿಗಿಟ್ಟು ಎರಡು ಪುಟದ ಪತ್ರ ಬರೆದುಕೊಟ್ಟೆ. ಮೇಲೆ ಹೇಳಿದ ಸಂಗತಿಗಳನ್ನೆಲ್ಲ ಅದರಲ್ಲಿ ಬರೆದೆ. ಹೊರಡುವ ದಿನ ಆಕೆ ನನಗೊಂದು ನೋಟ್‌ಪುಸ್ತಕ ಕೊಟ್ಟಳು. ಲಾಂದ್ರ ಯಾರ ಮನೆಯದು, ಪರದೆಯ ಬಟ್ಟೆ ಎಲ್ಲಿ ಅಗ್ಗ, ಸಭಾಂಗಣಕ್ಕೆ ಅರ್ಜಿ ಎಷ್ಟು ದಿನ ಮೊದಲು ಕೊಡಬೇಕು, ಯಾವ ಹುಡುಗನಿಗೆ ಎಲ್ಲರೆದುರು ತಪ್ಪು ಹೇಳಕೂಡದು ಎಂಬುದೆಲ್ಲ ಅದರಲ್ಲಿತ್ತು. ಅದನ್ನು ನೆನಪಿನ ಕಾಣಿಕೆಯೆಂದು ಭಾವಿಸಿ ಬೀರುವಿನಲ್ಲಿಟ್ಟೆ. ಮರುವರ್ಷ ನಾಟಕ ನಡೆಯಲಿಲ್ಲ. ಅದರ ಮರುವರ್ಷವೂ ಇಲ್ಲ. ಹೊಸ ಹುಡುಗರಿಗೆ ಉತ್ಸಾಹವಿಲ್ಲವೆಂದು ನಾವು ಹಿರಿಯರು ಮಾತಾಡಿಕೊಂಡೆವು. ಮೂರನೆಯ ವರ್ಷ ಬೀರು ತೆರವು ಮಾಡುವಾಗ ಆ ಪುಸ್ತಕ ಕೈಗೆ ಬಂತು. ಓದುತ್ತ ಹೋದಂತೆ, ಅದು ನನಗಾಗಿ ಬರೆದದ್ದಲ್ಲವೆಂದು ಅರ್ಥವಾಯಿತು. ಅದರ ಪ್ರತಿಯೊಂದು ಸಾಲೂ ಮುಂದೆ ಬರುವವರನ್ನು ಉದ್ದೇಶಿಸಿತ್ತು. ಆಕೆಯ ನಾಯಕತ್ವವನ್ನು ಎರಡು ಪುಟಗಳಲ್ಲಿ ಹೊಗಳಿದ ನಾನೇ ಅದನ್ನು ಬೀಗ ಹಾಕಿ ಇಟ್ಟಿದ್ದೆ.

ಆದ್ದರಿಂದ ವಿಭಾಗದ ಮುಂದೆ ನನ್ನ ಸಲಹೆಗಳು ಸರಳ. ವಿದ್ಯಾರ್ಥಿ ರಂಗತಂಡಕ್ಕೆ ಒಂದು ದಿನಚರಿ ಪುಸ್ತಕವಿರಲಿ. ಅದು ವಿಭಾಗದ ಗ್ರಂಥಾಲಯದಲ್ಲಿ, ಯಾರೂ ತೆರೆದು ನೋಡುವಂತೆ ಇರಲಿ. ತಾಲೀಮಿನ ಕೊಠಡಿ ವೇಳಾಪಟ್ಟಿಯಲ್ಲಿಯೇ ನಮೂದಾಗಲಿ. ಬೀಳ್ಕೊಡುಗೆಯ ದಿನ ತಂಡದ ಹೊಣೆ ಹೊತ್ತವರು ಕಿರಿಯರಿಗೆ ಆ ಪುಸ್ತಕವನ್ನು ಎಲ್ಲರೆದುರು ಒಪ್ಪಿಸಲಿ. ಅಧ್ಯಾಪಕರು ಆಗ ಅವರ ಕೆಲಸದ ಬಗ್ಗೆ ನಾಲ್ಕು ನಿಜವಾದ ಮಾತು ಹೇಳಲಿ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಪಠ್ಯ ಮತ್ತು ಪಠ್ಯೇತರಗಳ ನಡುವಿನ ಗೋಡೆ ಬೇಡವೆಂದಿತು. ನೀತಿಗಳು ಬರುತ್ತವೆ, ಹೋಗುತ್ತವೆ. ಈ ಕೆಲಸಕ್ಕೆ ಯಾವ ನೀತಿಯ ಅಪ್ಪಣೆಯೂ ಬೇಕಿಲ್ಲ.

ಆ ನೋಟ್‌ಪುಸ್ತಕ ಈಗ ತಂಡದವರ ಬಳಿ ಇದೆ. ಆಕೆಯ ಅಕ್ಷರದ ಕೆಳಗೆ ಇನ್ನೆರಡು ಕೈಬರಹಗಳು ಸೇರಿವೆ. ಲಾಂದ್ರದ ಮನೆಯವರು ಊರು ಬಿಟ್ಟಿದ್ದಾರೆಂದು ಯಾರೋ ಬರೆದು, ಹೊಸ ವಿಳಾಸವೊಂದನ್ನು ಸೇರಿಸಿದ್ದಾರೆ.