ಆತಕೂರಿನ ತಿರುವು

ಆತಕೂರು ಶಾಸನವನ್ನು ನಾನು ತರಗತಿಯಲ್ಲಿ ಪಾಠ ಹೇಳಲು ಆರಂಭಿಸಿ ಇಪ್ಪತ್ತಾರು ವರ್ಷಗಳಾದವು. ಅದರ ಕಾಲ, ಲಿಪಿ, ಭಾಷಾರೂಪ, ಅದು ಉಲ್ಲೇಖಿಸುವ ತಕ್ಕೋಲದ ಯುದ್ಧ, ಕಾಳಿ ಎಂಬ ನಾಯಿಯ ಕಥೆ ಇವೆಲ್ಲವನ್ನೂ ಪ್ರತಿವರ್ಷ ವಿವರಿಸುತ್ತ ಬಂದಿದ್ದೇನೆ. ಆದರೆ ಕಳೆದ ವರ್ಷದವರೆಗೆ ನಾನು ಆತಕೂರನ್ನು ನೋಡಿರಲಿಲ್ಲ. ಬೆಂಗಳೂರಿನಿಂದ ಮೈಸೂರಿಗೆ ವರ್ಷಕ್ಕೆ ಹತ್ತಾರು ಬಾರಿ ಓಡಾಡುವವನು ನಾನು. ಮೌಲ್ಯಮಾಪನಕ್ಕೆ, ವಿಚಾರಸಂಕಿರಣಕ್ಕೆ, ಹಸ್ತಪ್ರತಿಗಳ ಪರಿಶೀಲನೆಗೆಂದು ಹೋಗುವಾಗಲೆಲ್ಲ ಮದ್ದೂರನ್ನು ದಾಟಿಯೇ ಹೋಗಿದ್ದೇನೆ. ಅಲ್ಲಿಂದ ಆತಕೂರು ಕೆಲವೇ ಕಿಲೋಮೀಟರುಗಳ ದೂರ. ಆ ತಿರುವನ್ನು ತೆಗೆದುಕೊಳ್ಳಲು ಮಾತ್ರ ನನಗೆ ಇಪ್ಪತ್ತಾರು ವರ್ಷ ಹಿಡಿಯಿತು.

ಇದಕ್ಕೆ ಕಾರಣಳಾದವಳು ಒಬ್ಬ ವಿದ್ಯಾರ್ಥಿನಿ. ಪಾಠ ಮುಗಿದ ಮೇಲೆ ಎದ್ದು ನಿಂತು, “ಸರ್, ಆ ಕಲ್ಲು ನಿಲ್ಲಿಸಿದ್ದ ಜಾಗ ಈಗ ಹೇಗಿದೆ?” ಎಂದು ಕೇಳಿದಳು. ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ ಎಂದು ಉತ್ತರಿಸಿದೆ. “ಕಲ್ಲಲ್ಲ ಸರ್, ಜಾಗ” ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ. ಆ ಶೈಕ್ಷಣಿಕ ವರ್ಷದ ಅಧ್ಯಯನ ಪ್ರವಾಸವನ್ನು ವೇಗದ ಹೆದ್ದಾರಿಯ ಬದಲು ಹಳೆಯ ದಾರಿಯಲ್ಲಿ ಮಾಡಬೇಕೆಂದು ನಾನು ಹಟ ಹಿಡಿದದ್ದು ಆ ಮೌನದ ಫಲ. ದಾರಿಯೂ ಒಂದು ಆಕರ. ಹೆದ್ದಾರಿಯಲ್ಲಿ ಮಾತ್ರ ಚಲಿಸುವ ಸಂಶೋಧಕನು ಆ ಆಕರವನ್ನು ಓದದೆಯೇ ಪುಟ ತಿರುವುತ್ತಾನೆ. ಈ ಬರಹದಲ್ಲಿ ನಾನು ಹೇಳಬೇಕಾದದ್ದು ಇಷ್ಟೇ.

ಬೆಂಗಳೂರು–ಮೈಸೂರು ನಡುವಿನ ದಶಪಥ ಹೆದ್ದಾರಿ 2023ರ ಮಾರ್ಚ್ 12ರಂದು ಉದ್ಘಾಟನೆಯಾಯಿತು. ಸುಮಾರು 118 ಕಿಲೋಮೀಟರ್ ಉದ್ದದ ಈ ದಾರಿ, ಮೊದಲು ಮೂರು ಗಂಟೆ ಹಿಡಿಯುತ್ತಿದ್ದ ಪ್ರಯಾಣವನ್ನು ಸುಮಾರು ಒಂದೂವರೆ ಗಂಟೆಗೆ ಇಳಿಸಿದೆ. ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ ಎಂಬ ಊರುಗಳು ಈಗ ಬೈಪಾಸ್ ಅಥವಾ ಮೇಲ್ಸೇತುವೆಯ ಆಚೆಗೆ ಸರಿದಿವೆ. ಅದೇ ವರ್ಷದ ಆಗಸ್ಟ್ 1ರಿಂದ ಮುಖ್ಯಪಥಗಳಲ್ಲಿ ದ್ವಿಚಕ್ರ ವಾಹನ, ಆಟೋರಿಕ್ಷಾ, ಟ್ರ್ಯಾಕ್ಟರುಗಳಿಗೆ ಪ್ರವೇಶವಿಲ್ಲ. ಸುರಕ್ಷತೆಯ ದೃಷ್ಟಿಯಿಂದ ಈ ನಿರ್ಬಂಧ ಸರಿಯಾದುದೇ. ಆದರೆ ಇದರಿಂದ ಆಗಿರುವ ಇನ್ನೊಂದು ಪರಿಣಾಮವನ್ನು ಗಮನಿಸಬೇಕು. ಆ ನಾಡಿನಲ್ಲಿ ಬದುಕುವವರು ತಮ್ಮ ನಿತ್ಯದ ವಾಹನಗಳಲ್ಲಿ ಆ ದಾರಿಗೆ ಬರಲಾರರು; ಆ ದಾರಿಯಲ್ಲಿ ಹೋಗುವವರು ಆ ನಾಡನ್ನು ಕಾಣಲಾರರು. ನಾಡಿನ ಮೇಲೆಯೇ ಹಾದು ಹೋದರೂ ನಾಡಿಗೆ ತಾಗದ ದಾರಿ ಅದು.

ನಾವು ಹೊರಟದ್ದು ಜನವರಿಯ ಒಂದು ಮುಂಜಾನೆ. ಊರುಗಳ ಒಳಗಿಂದ ಹೋಗುವ ಹಳೆಯ ರಸ್ತೆಯನ್ನು ಹಿಡಿದೆವು. ಚನ್ನಪಟ್ಟಣದ ಬಣ್ಣದ ಗೊಂಬೆಗಳ ಅಂಗಡಿಗಳು ಆಗತಾನೆ ಬಾಗಿಲು ತೆರೆಯುತ್ತಿದ್ದವು. ರುದ್ರಾಕ್ಷಿಪುರದ ಬಳಿ ತಿರುಗಿ ಕೊಕ್ಕರೆ ಬೆಳ್ಳೂರಿಗೆ ಹೋದೆವು. ಊರ ನಡುವಿನ ಮರಗಳ ಮೇಲೆ ಬಣ್ಣದ ಕೊಕ್ಕರೆಗಳೂ ಹೆಜ್ಜಾರ್ಲೆಗಳೂ ನೆರೆದಿದ್ದವು. ಅವುಗಳ ಕೆಳಗೆ ಹಟ್ಟಿ, ರಾಗಿಯ ಒಣಹುಲ್ಲಿನ ಮೆದೆ, ಹಲ್ಲುಜ್ಜುತ್ತ ನಿಂತ ಮಕ್ಕಳು. ಹಕ್ಕಿ ಮನುಷ್ಯನಿಗೆ ಅಂಜದ, ಮನುಷ್ಯ ಹಕ್ಕಿಯನ್ನು ಓಡಿಸದ ಆ ಊರಿನಲ್ಲಿ ನಮ್ಮ ವಿದ್ಯಾರ್ಥಿಗಳು ಮೊಬೈಲುಗಳನ್ನು ಕೆಳಗಿಳಿಸಿ ಸುಮ್ಮನೆ ನಿಂತದ್ದನ್ನು ನಾನು ಕಂಡೆ. ಹಳಗನ್ನಡ ಕಾವ್ಯಗಳ ವನವರ್ಣನೆಗಳನ್ನು ಕವಿಸಮಯವೆಂದು ಒಂದೇ ಮಾತಿನಲ್ಲಿ ಬದಿಗೆ ಸರಿಸುವ ನಮ್ಮ ಅಭ್ಯಾಸದ ಬಗೆಗೆ ಅಲ್ಲಿ ನನಗೆ ಮೊದಲ ಬಾರಿಗೆ ಸಂದೇಹ ಬಂದಿತು. ಕವಿಗಳು ಸಂಪ್ರದಾಯವನ್ನು ಅನುಸರಿಸಿದ್ದು ನಿಜ. ಆದರೆ ಅವರೂ ಅವರ ಕೇಳುಗರೂ ನಿಧಾನವಾಗಿ ನಡೆದವರು, ನಡೆಯುತ್ತ ಕಂಡವರು ಎಂಬುದೂ ಅಷ್ಟೇ ನಿಜ.

ಅಲ್ಲಿಂದ ಮದ್ದೂರು, ಮದ್ದೂರಿನಿಂದ ಆತಕೂರು. ಈ ಶಾಸನದ ಮಹತ್ತ್ವವನ್ನು ಇಲ್ಲಿನ ಓದುಗರಿಗೆ ವಿಸ್ತರಿಸಿ ಹೇಳಬೇಕಾಗಿಲ್ಲ. ಕ್ರಿ.ಶ. 949–50ರ ಈ ಶಾಸನ ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದ್ದು. ಚೋಳ ರಾಜಾದಿತ್ಯನು ಗಂಗ ಬೂತುಗನ ಕೈಯಲ್ಲಿ ಮಡಿದದ್ದನ್ನು ಅದು ದಾಖಲಿಸುತ್ತದೆ. ಆ ಯುದ್ಧದಲ್ಲಿ ಪರಾಕ್ರಮ ಮೆರೆದ ಮಣಲೇರನಿಗೆ ಬೂತುಗನಿಂದ ಆತಕೂರು ಹನ್ನೆರಡು ದೊರೆಯಿತು. ಆದರೆ ಮಣಲೇರನು ಒಡೆಯರಿಂದ ಬೇಡಿ ಪಡೆದದ್ದು ಕಾಳಿ ಎಂಬ ಬೇಟೆನಾಯಿಯನ್ನು. ಬೆಳತೂರಿನ ಬಳಿಯ ಗುಡ್ಡದಲ್ಲಿ ಒಂದು ದೊಡ್ಡ ಹಂದಿಯ ಮೇಲೆ ಆ ನಾಯಿಯನ್ನು ಬಿಟ್ಟಾಗ ಎರಡೂ ಕಾದಾಡಿ ಸತ್ತವು. ನಾಯಿಯ ನೆನಪಿಗಾಗಿ ಆತಕೂರಿನ ಚಲ್ಲೇಶ್ವರದ ಮುಂದೆ ಕಲ್ಲು ನಿಲ್ಲಿಸಿ, ಭೂಮಿಯನ್ನು ಬಿಡಲಾಯಿತು. ಆ ಕಲ್ಲನ್ನು ಪೂಜಿಸದೆ ಉಣ್ಣುವ ಗೊರವನಿಗೆ ಪಾಪ ತಗಲುವುದೆಂಬ ಎಚ್ಚರಿಕೆಯೂ ಅದರಲ್ಲಿದೆ. ಪಂಪನು ವಿಕ್ರಮಾರ್ಜುನ ವಿಜಯವನ್ನು ಮುಗಿಸಿದ್ದು 941ರಲ್ಲಿ. ಪೊನ್ನನಿಗೆ ಆಶ್ರಯವಿತ್ತವನು ಇದೇ ಮೂರನೆಯ ಕೃಷ್ಣ. ಅರಮನೆಯ ಮಹಾಕಾವ್ಯ ಸಿದ್ಧವಾಗುತ್ತಿದ್ದ ದಿನಗಳಲ್ಲಿಯೇ ಒಂದು ಹಳ್ಳಿಯಲ್ಲಿ ನಾಯಿಯೊಂದಕ್ಕಾಗಿ ಕಲ್ಲಿನ ಮೇಲೆ ಗದ್ಯ ಮೂಡಿತು ಎಂಬುದನ್ನು ನಾವು ಮರೆಯಬಾರದು.

ಇಷ್ಟು ನಾನು ತರಗತಿಯಲ್ಲಿ ಹೇಳುತ್ತಿದ್ದದ್ದು. ಊರಿನಲ್ಲಿ ಕೇಳಿದ್ದು ಬೇರೆ. ದಾರಿ ಬದಿಯ ಚಹಾದ ಅಂಗಡಿಯಲ್ಲಿ ಹಿರಿಯ ರೈತರೊಬ್ಬರು ನಮ್ಮನ್ನು ಮಾತಿಗೆಳೆದರು. ನಾಯಿಕಲ್ಲನ್ನು ನೋಡಲು ಬಂದಿದ್ದೇವೆಂದಾಗ ಅವರು ನಕ್ಕರು. “ಕಲ್ಲು ಬೆಂಗ್ಳೂರ್ಗೋಗಿ ಯಾವ್ ಕಾಲಾಯ್ತು ಸಾ! ಹಂದಿ ಮಾತ್ರ ಇಲ್ಲೇ ಅವೆ” ಎಂದರು. ಮತ್ತೆ ತಮ್ಮ ಕಬ್ಬಿನ ಗದ್ದೆಯ ಕಥೆ ಹೇಳಿದರು. ಒಂದು ರಾತ್ರಿಯಲ್ಲಿ ಕಾಡುಹಂದಿಗಳು ಬಂದು ಬೆಳೆ ಮಲಗಿಸಿ ಹೋದದ್ದು, ಬೇಲಿಗೆ ಹಳೆಯ ಸೀರೆ ಕಟ್ಟಿದ್ದು, ಪಟಾಕಿ ಹಚ್ಚಿ ರಾತ್ರಿಯೆಲ್ಲ ಕಾದದ್ದು, ಸಾಕಿದ ನಾಯಿಯೊಂದು ಹಂದಿಯ ಕೋರೆಗೆ ಸಿಕ್ಕಿ ಸತ್ತದ್ದು. ಆ ನಾಯಿಯ ಮಾತು ಬಂದಾಗ ಅವರ ದನಿ ತಗ್ಗಿತು. “ಮನೆ ಮಗ ಇದ್ದಂಗಿತ್ತು. ಹಿತ್ಲಲ್ಲೇ ಮಣ್ ಮಾಡ್ದೋ” ಎಂದರು.

ಇಪ್ಪತ್ತಾರು ವರ್ಷ ನಾನು ಈ ಶಾಸನದ ಹಂದಿಬೇಟೆಯನ್ನು ವೀರನೊಬ್ಬನ ವಿನೋದವೆಂದೇ ವಿವರಿಸಿದ್ದೆ. ಹಂದಿಯೆಂಬುದು ಬೆಳೆಯ ಶತ್ರು, ಅದನ್ನು ಕೊಂದು ಸತ್ತ ನಾಯಿ ಊರಿಗೇ ಉಪಕಾರಿ ಎಂಬ ಅರ್ಥಸಾಧ್ಯತೆ ನನಗೆ ಹೊಳೆದೇ ಇರಲಿಲ್ಲ. ಆ ರೈತರ ಮಾತೇ ಶಾಸನಕ್ಕೆ ವ್ಯಾಖ್ಯಾನವೆಂದು ನಾನು ಹೇಳುತ್ತಿಲ್ಲ. ಹತ್ತನೆಯ ಶತಮಾನದ ಮಣಲೇರನ ಮನಸ್ಸನ್ನು ಇಂದಿನ ಕಬ್ಬಿನ ಗದ್ದೆಯಿಂದ ಅಳೆಯುವುದು ಅವಸರದ ನಿರ್ಣಯವಾದೀತು. ಶಾಸನದಲ್ಲಿ ಬೆಳೆಯ ಮಾತಿಲ್ಲ. ಆದರೆ ನಾಯಿಗೆ ಕಲ್ಲು ನಿಲ್ಲಿಸುವುದೂ ಅದರ ಪೂಜೆಗೆ ಭೂಮಿ ಬಿಡುವುದೂ ಒಡೆಯನೊಬ್ಬನ ವಿಚಿತ್ರ ಪ್ರೀತಿಯಷ್ಟೇ ಆಗಿರಬೇಕಾಗಿಲ್ಲ. ಆ ಪ್ರೀತಿಯನ್ನು ಅರಿಯಬಲ್ಲ ಜನರ ನಡುವೆ ಅದು ನಡೆಯಿತು ಎಂಬ ಪ್ರಶ್ನೆಯನ್ನಾದರೂ ಈಗ ಕೇಳಬಹುದಾಗಿದೆ. ಉತ್ತರ ಸಿಗದಿದ್ದರೂ ಸರಿ, ಹೊಸ ಪ್ರಶ್ನೆ ಸಿಕ್ಕಿತು. ಅದು ಸಿಕ್ಕಿದ್ದು ಗ್ರಂಥಾಲಯದಲ್ಲಲ್ಲ, ಚಹಾದ ಅಂಗಡಿಯಲ್ಲಿ.

ಕಲ್ಲು ಸಂಗ್ರಹಾಲಯದಲ್ಲಿ ಸುರಕ್ಷಿತವಾಗಿದೆ. ಅದು ಅಲ್ಲಿಗೆ ಹೋದದ್ದು ಒಳ್ಳೆಯದೇ ಆಯಿತು. ಆದರೆ ಪಠ್ಯ ಒಂದು ಕಡೆ, ಅದರ ನೆಲ ಇನ್ನೊಂದು ಕಡೆ ಆದಾಗ ಎರಡನ್ನೂ ಕೂಡಿಸುವ ಕೆಲಸ ಅಧ್ಯಾಪಕನದು. ನಾನು ಅದನ್ನು ಮಾಡಿರಲಿಲ್ಲ.

ಮಧ್ಯಾಹ್ನದ ಬಳಿಕ ಹೆದ್ದಾರಿಯ ಇನ್ನೊಂದು ಬದಿಗೆ, ಕೆ.ಎಂ. ದೊಡ್ಡಿಯ ಕಡೆಗೆ ಹೊರಟೆವು. ಸಕ್ಕರೆ ಕಾರ್ಖಾನೆಗೆ ಕಬ್ಬು ಹೊತ್ತ ಎತ್ತಿನ ಗಾಡಿಗಳ, ಟ್ರ್ಯಾಕ್ಟರುಗಳ ಸಾಲು. ನಮ್ಮ ಬಸ್ಸು ಅವುಗಳ ಹಿಂದೆ ಮುಕ್ಕಾಲು ಗಂಟೆ ತೆವಳಿತು. ಚಾಲಕನಿಗೆ ಬೇಸರ; ವಿದ್ಯಾರ್ಥಿಗಳಿಗೆ ಗಾಡಿಯಿಂದ ಜಾರಿದ ಕಬ್ಬಿನ ಜಲ್ಲೆಯ ಹಬ್ಬ. ಅಲ್ಲಿಗೆ ಹತ್ತಿರದ ಅರೆತಿಪ್ಪೂರಿನಲ್ಲಿ ಎರಡು ಗುಡ್ಡಗಳಿವೆ. ಕನಕಗಿರಿಯಲ್ಲಿ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ಉತ್ಖನನದಿಂದ ಹೊರಬಂದ ಬಸದಿಗಳ ತಳಪಾಯಗಳಿವೆ. ಶ್ರವಣಪ್ಪನ ಗುಡ್ಡದಲ್ಲಿ ಗಂಗರ ಕಾಲದ ಬಾಹುಬಲಿ ನಿಂತಿದ್ದಾನೆ. ಈ ಮೂರ್ತಿ ಬೆಳಗೊಳದ ಗೊಮ್ಮಟನಿಗಿಂತ ಹಳೆಯದೆಂದು ಕೆಲವರು ಭಾವಿಸಿದ್ದಾರೆ. ಆ ಚರ್ಚೆಯನ್ನು ಇಲ್ಲಿ ಎತ್ತುವುದಿಲ್ಲ. ತಲಕಾಡಿನ ವಿಜಯದ ಬಳಿಕ ಗಂಗರಾಜನು ವಿಷ್ಣುವರ್ಧನನಿಂದ ತಿಪ್ಪೂರನ್ನು ಪಡೆದು ದಾನವಿತ್ತ ಸಂಗತಿ ಶಾಸನದಲ್ಲಿ ಬರುತ್ತದೆ. ಗುಡ್ಡದ ಮೇಲೆ ನಿಂತು ಸುತ್ತಲಿನ ಹಸುರನ್ನು ನೋಡುವಾಗ, ರಾಜ್ಯವನ್ನು ಗೆದ್ದುಕೊಟ್ಟ ದಂಡನಾಯಕ ಈ ಊರನ್ನೇ ಏಕೆ ಬೇಡಿರಬಹುದೆಂದು ವಿದ್ಯಾರ್ಥಿಗಳು ವಾದಿಸತೊಡಗಿದರು. ಅಂದಿನ ಅತ್ಯುತ್ತಮ ವಿಚಾರಗೋಷ್ಠಿ ಅದೇ. ಮೈಸೂರು ತಲುಪುವಾಗ ರಾತ್ರಿ ಎಂಟು ಗಂಟೆ.

ಈ ಮಾತಿಗೆ ಎದುರಾಗುವ ಆಕ್ಷೇಪಗಳನ್ನು ನಾನು ಬಲ್ಲೆ. ಹಳ್ಳಿಯ ರಸ್ತೆಯ ಸೊಗಸನ್ನು ಹೊಗಳುವವನು ಸಾಮಾನ್ಯವಾಗಿ ಅಲ್ಲಿ ವಾಸಿಸದವನು. ಹೆರಿಗೆ ನೋವಿನ ಹೆಣ್ಣುಮಗಳನ್ನು ಜಿಲ್ಲಾಸ್ಪತ್ರೆಗೆ ಕರೆದೊಯ್ಯುವವರಿಗೆ ಹೊಂಡದ ರಸ್ತೆ ಸೊಗಸಲ್ಲ, ಶಾಪ. ಮಂಡ್ಯದಿಂದ ಬೆಂಗಳೂರಿಗೆ ನಿತ್ಯ ಕೆಲಸಕ್ಕೆ ಹೋಗುವವರಿಗೆ ಉಳಿದ ಒಂದು ಗಂಟೆ ಮಕ್ಕಳೊಡನೆ ಕಳೆಯುವ ಗಂಟೆ. ಹೆದ್ದಾರಿ ಬೇಡವೆನ್ನುವ ಅಧಿಕಾರ ನನಗಿಲ್ಲ, ಇಚ್ಛೆಯೂ ಇಲ್ಲ. ಹಿಂದಿರುಗುವಾಗ ನಾವೂ ಅದರಲ್ಲಿಯೇ ಬಂದೆವು; ದಣಿದ ಮಕ್ಕಳು ಬೇಗ ಮನೆ ಸೇರಿದರು. ನನ್ನ ತಕರಾರು ಹೆದ್ದಾರಿಯೊಡನಲ್ಲ, ಅದರ ಅಭ್ಯಾಸ ನಮ್ಮ ವಿದ್ಯೆಯ ಒಳಗೂ ನುಸುಳಿರುವುದರೊಡನೆ. ಹುಡುಕುಪೆಟ್ಟಿಗೆಯಲ್ಲಿ ಪದವೊಂದನ್ನು ಟೈಪಿಸಿ ನೇರವಾಗಿ ಬೇಕಾದ ಸಾಲಿಗೆ ಇಳಿಯುವ ಸಂಶೋಧನೆಯೂ ಒಂದು ಬೈಪಾಸ್. ಅದು ಬೇಕು. ಆದರೆ ಅಕ್ಕಪಕ್ಕದ ಸಾಲುಗಳು, ಪಕ್ಕದ ಶಾಸನ, ಪಕ್ಕದ ಊರು ಅದರಲ್ಲಿ ಕಾಣುವುದಿಲ್ಲ. ಬಿ.ಎಲ್. ರೈಸ್ ಅವರೂ ಅವರ ಸಹಾಯಕರೂ ಸುಮಾರು ಒಂಬತ್ತು ಸಾವಿರ ಶಾಸನಗಳನ್ನು ಎಪಿಗ್ರಾಫಿಯಾ ಕರ್ನಾಟಿಕದ ಹನ್ನೆರಡು ಸಂಪುಟಗಳಲ್ಲಿ ಕೂಡಿಸಿದ್ದು ಹಳ್ಳಿಯಿಂದ ಹಳ್ಳಿಗೆ ಹೋದದ್ದರಿಂದ. ನಾವು ಇಂದು ಕುಳಿತಲ್ಲಿಯೇ ತೆರೆಯುವ ಪ್ರತಿಯೊಂದು ಪುಟದ ಹಿಂದೆ ಒಂದು ಕಾಲುದಾರಿಯಿದೆ.

ಆದ್ದರಿಂದ ನನ್ನ ಸಲಹೆ ಸರಳವಾದುದು. ಕನ್ನಡ ಹಾಗೂ ಇತಿಹಾಸ ವಿಭಾಗಗಳ ಅಧ್ಯಯನ ಪ್ರವಾಸಗಳಲ್ಲಿ ಹೋಗುವ ದಾರಿಯಾದರೂ ಹಳೆಯ ದಾರಿಯಾಗಿರಲಿ. ಬರುವ ದಾರಿ ಹೆದ್ದಾರಿಯಾಗಲಿ. ಪಠ್ಯದಲ್ಲಿರುವ ಒಂದು ಶಾಸನವನ್ನಾದರೂ ಅದು ಹುಟ್ಟಿದ ಊರಿನಲ್ಲಿ ನಿಂತು ಓದಲಿ. ಮದ್ದೂರಿನ ಬಳಿ ಆತಕೂರು, ಅರೆತಿಪ್ಪೂರುಗಳ ಹೆಸರನ್ನೂ ಕಾಲವನ್ನೂ ಹೇಳುವ ಎರಡು ಫಲಕಗಳನ್ನು ನಿಲ್ಲಿಸಲು ಯಾರಿಗೂ ಹೆಚ್ಚು ಖರ್ಚಾಗದು.

ಈ ವರ್ಷವೂ ಆ ಪಾಠ ಮಾಡಿದೆ. ಕಾಳಿಯ ಭಾಗ ಬಂದಾಗ ಪುಸ್ತಕ ಮುಚ್ಚಿ, ಹಿತ್ತಿಲಲ್ಲಿ ಮಣ್ಣಾದ ಇನ್ನೊಂದು ನಾಯಿಯ ಕಥೆಯನ್ನು ಮೊದಲು ಹೇಳಿದೆ. ಬಳಿಕ ಶಾಸನಕ್ಕೆ ಬಂದೆ. ಗೊರವನಿಗೆ ಕೊಟ್ಟ ಎಚ್ಚರಿಕೆಯನ್ನು ಓದುವಾಗ ಪ್ರತಿವರ್ಷ ಹಿಂದಿನ ಬೆಂಚುಗಳಿಂದ ಕೇಳಿಬರುತ್ತಿದ್ದ ನಗೆ ಈ ಬಾರಿ ಕೇಳಿಸಲಿಲ್ಲ.