ಮೆಟ್ಟಿಲ ಕೆಳಗಿನ ಹೆಬ್ಬಾತು

ಗುರಪ್ಪನಪಾಳ್ಯದ ತಾಯಿಯೊಬ್ಬರು ಮಗನ ದಮ್ಮಿಗೆ ಮದ್ದು ಕೇಳಿ ಬಂದರು. ವಿಚಾರಿಸಿದರೆ, 20-30 ಸೈಟಿನ ಮನೆ. ಮೆಟ್ಟಿಲ ಕೆಳಗೆ ಎರಡು ಹೆಬ್ಬಾತು, ಆರು ನಾಟಿಕೋಳಿ, ಪಕ್ಕದ ಕೋಣೆಯಲ್ಲೇ ಹುಡುಗನ ಹಾಸಿಗೆ!

ಯುನಾನಿ ಹೇಳುವ ಆರು ಅಗತ್ಯಗಳಲ್ಲಿ ಮೊದಲನೆಯದು ಗಾಳಿ. ಒಣಗಿದ ಹಿಕ್ಕೆ, ಪುಕ್ಕದ ಧೂಳು ಅದನ್ನೇ ಕೆಡಿಸುತ್ತವೆ. ಕೋಳಿ ಸಾಕಬೇಡಿ ಎನ್ನಲಾರೆ. ನಾಟಿಕೋಳಿ ಯಖ್ನಿ ಕುಡಿಯಿರಿ ಎಂದು ಬರೆದುಕೊಡುವವನೂ ನಾನೇ. ಆದರೆ ಹೆಬ್ಬಾತಿಗೆ ಹುಲ್ಲು ಬೇಕು, ತಲೆ ಮುಳುಗಿಸುವಷ್ಟು ನೀರು ಬೇಕು. ಬೇಸಿಗೆಯಲ್ಲಿ ಟ್ಯಾಂಕರಿಗೆ ಕಾಯುವ ನಮ್ಮ ಗಲ್ಲಿಗಳಲ್ಲಿ ಅದು ಆಗುವ ಮಾತೇ?

ಕೋಳಿಗೂಡನ್ನು ಟೆರೇಸಿಗೆ ಒಯ್ಯಿರಿ. ಹಿಕ್ಕೆಯನ್ನು ಒಣಗಿದಂತೆಯೇ ಗುಡಿಸಬೇಡಿ. ನೀರು ಚಿಮುಕಿಸಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು ತೆಗೆಯಿರಿ. ಗೂಡು, ಮೊಟ್ಟೆ ಮುಟ್ಟಿದ ಕೈಗೆ ಸಾಬೂನು ಬೇಕೇ ಬೇಕು. ‘ವುಜೂ ಮಾಡುತ್ತೇವಲ್ಲ’ ಎನ್ನುತ್ತಾರೆ ಕೆಲವರು. ವುಜೂ ನೀರಿನದು, ಸಾಲ್ಮೊನೆಲ್ಲಾ ಅಷ್ಟಕ್ಕೆ ಬಿಡುವುದಿಲ್ಲ.

ಹಕ್ಕಿಜ್ವರ ದೂರದ್ದಲ್ಲ. 2012ರಲ್ಲಿ ಹೆಸರಘಟ್ಟದ ಸರ್ಕಾರಿ ಕೋಳಿ ಕೇಂದ್ರಕ್ಕೆ, 2018ರ ಜನವರಿಯಲ್ಲಿ ದಾಸರಹಳ್ಳಿಗೆ ಬಂದಿತ್ತು. ಕೋಳಿಗಳು ಒಂದರ ಹಿಂದೊಂದು ತೂಕಡಿಸಿ ಬಿದ್ದರೆ, ಸಾಯುವ ಮೊದಲೇ ಹಲಾಲ್ ಮಾಡಿಬಿಡೋಣ ಎಂಬ ಆತುರ ಬೇಡ. ಕೊಯ್ಯುವಾಗ, ಪುಕ್ಕ ಕೀಳುವಾಗಲೇ ಸೋಂಕು ತಗಲುವ ಭಯ ಹೆಚ್ಚು. ಮುಟ್ಟದೆ ಪಶುವೈದ್ಯರಿಗೆ ತಿಳಿಸಿ.

ಆ ಹುಡುಗನಿಗೆ ಮದ್ದು ಕೊಟ್ಟೆ, ಇನ್‌ಹೇಲರ್ ನಿಲ್ಲಿಸಬೇಡಿ ಎಂದೂ ಹೇಳಿದೆ. ಹೆಬ್ಬಾತುಗಳು ಆನೇಕಲ್ಲಿನ ನಾನಿಯ ತೋಟ ಸೇರಿವೆ.