ಹುಲಿಗೆ ಕೊಟ್ಟ ಮಾತೂ ಮಾತೇನಾ?



ಪುಣ್ಯಕೋಟಿಯ ಹಾಡು ಗೊತ್ತಿಲ್ಲದವರು ನಮ್ಮ ಶಾಲೆಯಲ್ಲಿ ಯಾರೂ ಇಲ್ಲ. ಹಾಡು ಮುಗಿದ ಮೇಲೆ ‘ಇದರ ನೀತಿ ಏನು?’ ಅಂತ ಕೇಳಿದರೆ, ‘ಕೊಟ್ಟ ಮಾತಿಗೆ ತಪ್ಪಬಾರದು’ ಅಂತ ಎಲ್ಲರೂ ಒಟ್ಟಿಗೆ ಕೂಗುತ್ತೇವೆ. ಪರೀಕ್ಷೆಯಲ್ಲೂ ಅದನ್ನೇ ಬರೆಯುತ್ತೇವೆ, ಮಾರ್ಕ್ಸೂ ಬರುತ್ತೆ. ಆದರೆ ಆ ಉತ್ತರ ಅರ್ಧ ಮಾತ್ರ ಸರಿ ಎಂದು ನನ್ನ ಅಭಿಪ್ರಾಯ. ಯಾಕೆ ಅಂತ ಹೇಳೋಕೆ ಇಂಗ್ಲೆಂಡಿನ ಒಂದು ಹುಂಜದ ಕಥೆ ಬೇಕು.

14ನೇ ಶತಮಾನದ ಕೊನೆಯಲ್ಲಿ ಚಾಸರ್ ಎಂಬ ಕವಿ ‘ಕ್ಯಾಂಟರ್‌ಬರಿ ಕಥೆಗಳು’ ಬರೆದ. ಯಾತ್ರೆ ಹೊರಟವರು ದಾರಿ ಸಾಗಲಿ ಅಂತ ಒಬ್ಬೊಬ್ಬರಾಗಿ ಕಥೆ ಹೇಳುತ್ತಾರೆ. ಅದರಲ್ಲಿ ಒಬ್ಬ ಪಾದ್ರಿ ಹೇಳುವುದು ಚಾಂಟಿಕ್ಲಿಯರ್ ಎಂಬ ಹುಂಜದ ಕಥೆ. ಒಬ್ಬ ಬಡ ವಿಧವೆಯ ಮನೆಯಂಗಳ, ಒಂದು ಹುಂಜ, ಏಳು ಹೇಂಟೆ. ಒಂದು ಬೆಳಗಿನ ಜಾವ ಹುಂಜಕ್ಕೆ ಕೆಟ್ಟ ಕನಸು ಬೀಳುತ್ತೆ. ಕೆಂಪು ಹಳದಿ ಬಣ್ಣದ, ಕಿವಿ ಬಾಲದ ತುದಿ ಕಪ್ಪಗಿರುವ ಒಂದು ಪ್ರಾಣಿ ಹಿಡಿಯೋಕೆ ಬಂದ ಹಾಗೆ. ಅದರ ಮುದ್ದಿನ ಹೇಂಟೆ ‘ಹೊಟ್ಟೆ ಕೆಟ್ಟಿದೆ, ಭೇದಿಗೆ ಔಷಧಿ ತಗೊಳ್ಳಿ’ ಅನ್ನುತ್ತೆ. (ಥೇಟ್ ನಮ್ಮ ಅಜ್ಜಿ!)

ಆಮೇಲೆ ನರಿ ಬಂದೇ ಬಂತು. ‘ನಿಮ್ಮಪ್ಪ ಕಣ್ಣು ಮುಚ್ಚಿ ಕತ್ತು ಚಾಚಿ ಎಷ್ಟು ಚೆನ್ನಾಗಿ ಕೂಗ್ತಿದ್ರು! ನಿಮ್ಮಪ್ಪ ಅಮ್ಮ ಇಬ್ಬರೂ ನಮ್ಮ ಮನೆಗೆ ಬಂದಿದ್ರು’ ಅಂತ ಹೊಗಳಿತು. ಬಂದವರು ವಾಪಸ್ ಹೋದರಾ ಅಂತ ಹುಂಜ ಕೇಳಲಿಲ್ಲ. ಉಬ್ಬಿ ಹೋಗಿ ಕಣ್ಣು ಮುಚ್ಚಿ ಕೂಗಿತು, ನರಿ ಕತ್ತಿಗೇ ಬಾಯಿ ಹಾಕಿತು. ಹೇಂಟೆಗಳು ಕಿರುಚಿಕೊಂಡವು. ವಿಧವೆ, ಮಕ್ಕಳು, ನಾಯಿಗಳು ಎಲ್ಲಾ ಅಟ್ಟಿಸಿಕೊಂಡು ಓಡಿದರು. ಆಗ ಹುಂಜ ಬಾಯೊಳಗಿಂದಲೇ, ‘ನಾನು ನೀವಾಗಿದ್ದರೆ ಹಿಂದೆ ಬರೋರನ್ನ ಒಂದು ಸಲ ಬೈದು ಹೋಗ್ತಿದ್ದೆ’ ಅಂತು. ನರಿ ಬೈಯೋಕೆ ಬಾಯಿ ತೆರೆಯಿತು, ಹುಂಜ ಹಾರಿ ಮರ ಹತ್ತಿತು.

ನಮ್ಮ ಪಂಚತಂತ್ರದ ಮಂಗವೂ ಅಷ್ಟೇ. ‘ಹೃದಯ ಮರದ ಮೇಲೆ ಬಿಟ್ಟು ಬಂದಿದ್ದೀನಿ’ ಅಂತ ಮೊಸಳೆಗೆ ಸುಳ್ಳು ಹೇಳಿ ಜೀವ ಉಳಿಸಿಕೊಂಡಿತು. ಪಂಚತಂತ್ರವನ್ನು 1031ರಲ್ಲೇ ಕನ್ನಡಕ್ಕೆ ತಂದ ದುರ್ಗಸಿಂಹ ಚಾಲುಕ್ಯ ದೊರೆ ಜಯಸಿಂಹನ ಸಂಧಿವಿಗ್ರಹಿ. ಅಂದರೆ ಯುದ್ಧ ಮತ್ತು ಸಂಧಿಯ ಮಂತ್ರಿ. ಯಾರಿಗೆ ಯಾವ ಮಾತು ಕೊಡಬೇಕು ಅಂತ ನೋಡುವುದೇ ಅವನ ಕೆಲಸ.

ಹುಂಜವನ್ನಾಗಲೀ ಮಂಗವನ್ನಾಗಲೀ ಯಾರೂ ಪಾಪಿ ಅನ್ನೋದಿಲ್ಲ. ಹಾಗಿದ್ದರೆ ಪುಣ್ಯಕೋಟಿ ಮಾತ್ರ ಯಾಕೆ ವಾಪಸ್ ಹೋಗಬೇಕಿತ್ತು? ಎಳೆ ಕರು ಹೋಗಬೇಡ ಅಂತ ಅಳುತ್ತಿತ್ತಲ್ಲ? ಅವಳು ಹೋದದ್ದು ಅವಳ ದೊಡ್ಡ ಗುಣ. ಅದನ್ನು ನಾನು ಒಪ್ಪುತ್ತೇನೆ, ಹಾಡು ಕೇಳಿದಾಗಲೆಲ್ಲ ನನಗೂ ಅಳು ಬರುತ್ತೆ. ಆದರೆ ಹುಲಿ ಎದುರು ನಡುಗುತ್ತಾ ಕೊಟ್ಟ ಮಾತನ್ನು ಎಲ್ಲಾ ಮಕ್ಕಳೂ ಉಳಿಸಿಕೊಳ್ಳಲೇಬೇಕು ಅಂತ ನೀತಿ ಮಾಡುವುದು ಸರಿಯಲ್ಲ.

ಇದು ಬರೀ ಕಥೆಯ ವಿಷಯ ಅಲ್ಲ. ನಮ್ಮೂರು ಸುಂಕದಕಟ್ಟೆ. ಸುಂಕ ವಸೂಲಿ ಮಾಡುವ ಕಟ್ಟೆ ಅಂತ ಹೆಸರೇ ಹೇಳುತ್ತೆ. ಈಗಲೂ ಕೆಲವು ದೊಡ್ಡ ಹುಡುಗರು ಚಿಕ್ಕವರ ಹತ್ತಿರ ಸುಂಕ ಎತ್ತುತ್ತಾರೆ: ಪೆನ್ನು, ಐದು ರೂಪಾಯಿ, ಡಬ್ಬಿಯಲ್ಲಿರೋ ಚಿತ್ರಾನ್ನ. ಎತ್ತಿದ ಮೇಲೆ ‘ಯಾರಿಗೂ ಹೇಳಲ್ಲ ಅಂತ ಅಮ್ಮನಾಣೆ ಮಾಡು’ ಅಂತಾರೆ. ಚಿಕ್ಕವರು ಆಣೆ ಮಾಡ್ತಾರೆ, ಆಮೇಲೆ ಆಣೆ ಮುರಿದರೆ ಅಮ್ಮನಿಗೆ ಏನಾದರೂ ಆಗುತ್ತೆ ಅಂತ ಹೆದರಿ ಸುಮ್ಮನಿರ್ತಾರೆ. ಇದಕ್ಕಿಂತ ಕೆಟ್ಟದ್ದು ಮಾಡಿ ‘ಹೇಳಬೇಡ’ ಅನ್ನೋ ದೊಡ್ಡವರೂ ಇರ್ತಾರೆ. ಮಕ್ಕಳ ಸಹಾಯವಾಣಿ 1098 ಇರುವುದು ಅಂಥದ್ದನ್ನು ಹೇಳೋಕೇ.

‘ಹಾಗಾದರೆ ಬೇಕಾದಾಗ ಮಾತು ಮುರೀಬಹುದಾ?’ ಅಂತ ನೀವು ಕೇಳಬಹುದು. ಗೆಳತಿಗೆ ನಾಳೆ ನೋಟ್ಸ್ ಕೊಡ್ತೀನಿ ಅಂದರೆ ಕೊಡಲೇಬೇಕು. ಅದು ನಾವಾಗಿ ಕೊಟ್ಟ ಮಾತು. ಕೈ ತಿರುಚಿ ಹೇಳಿಸಿದ್ದು ಬೇರೆ.

ಚಾಸರ್‌ನ ಕಥೆಯಲ್ಲಿ ಇನ್ನೊಂದು ತಮಾಷೆ ಇದೆ. ಹುಂಜ ತಪ್ಪಿಸಿಕೊಂಡ ಮೇಲೆ ಎರಡೂ ನೀತಿ ಹೇಳುತ್ತವೆ. ಕಣ್ಣು ತೆರೆದು ನೋಡಬೇಕಾದಾಗ ಮುಚ್ಚಿದವನಿಗೆ ಒಳ್ಳೇದಾಗಲ್ಲ ಅನ್ನುತ್ತೆ ಹುಂಜ. ಸುಮ್ಮನಿರಬೇಕಾದಾಗ ಮಾತಾಡಿದವನಿಗೆ ಕೇಡು ಅನ್ನುತ್ತೆ ನರಿ. ಬಾಯಿ ಮುಚ್ಚಿಕೊಂಡಿರಬೇಕು ಅನ್ನೋ ನೀತಿ ಯಾರ ಬಾಯಿಂದ ಬಂತು ನೋಡಿ!

ಮೇಷ್ಟ್ರಲ್ಲಿ, ಮಿಸ್ಸುಗಳಲ್ಲಿ ನನ್ನ ಕೋರಿಕೆ ಇಷ್ಟೇ. ಪುಣ್ಯಕೋಟಿ ಪಾಠ ಮಾಡುವಾಗ ‘ಹಸುವಿನಿಂದ ಏನು ಕಲಿತಿರಿ?’ ಅಂತ ಕೇಳಿದ ಮೇಲೆ ‘ಹುಲಿಯಿಂದ ಏನು ಕಲಿತಿರಿ?’ ಅಂತಲೂ ಕೇಳಿ. ಕೊನೆಗೆ ನಾಚಿಕೆಯಿಂದ ಪ್ರಾಣ ಬಿಟ್ಟಿದ್ದು ಅರ್ಬುತನೇ ತಾನೆ? ಅವನ ಪರವಾಗಿ ಯಾರಾದರೂ ಬರೆಯುವುದಿದ್ದರೆ ಮುಂದಿನ ತಿಂಗಳ ಗೋಡೆ ಪತ್ರಿಕೆಗೆ ಬರೀರಿ. ಎಡಗಡೆ ಮೂಲೆಯಲ್ಲಿ ಜಾಗ ಬಿಟ್ಟಿರ್ತೀವಿ.

– ಒಂಬತ್ತನೇ ತರಗತಿಯ ವಿದ್ಯಾರ್ಥಿನಿ